ಐದು ಲಾಡು ಬಾಕಿ

ಗಣಿತದ ಮಾಸ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಹತ್ತನೆಯ ಕ್ಲಾಸಿನಲ್ಲಿ ಕಲಿತದ್ದು ಹೆಚ್ಚೇನೂ ನೆನಪಿಲ್ಲ. ಅವರು ಬೋರ್ಡಿನ ಮೇಲೆ ಬರೆದ ಎರಡು ಸಂಖ್ಯೆ ಮಾತ್ರ ಅಳಿಸಿಲ್ಲ: 42, 35.

ಕಾರ್ಕಳದ ಗೊಮ್ಮಟ 42 ಅಡಿ, ವೇಣೂರಿನದು 35. ಒಂದು ನಿಂತದ್ದು 1432ರಲ್ಲಿ, ಇನ್ನೊಂದು 1604ರಲ್ಲಿ. "ಇಸವಿ ಸಮಾಜದ ಪೀರಿಯಡ್ಡಿಗೆ ಇರಲಿ, ನಮಗೆ ಎತ್ತರ ಸಾಕು" ಎಂದರು. ಎರಡೂ ಒಂದೇ ಅಚ್ಚಿನವು ಅಂತ ಇಟ್ಟುಕೊಳ್ಳಿ. ಎತ್ತರ 6ಕ್ಕೆ 5. ವೇಣೂರಿನವನಿಗೆ ಬಳಿಯಲು 25 ಕೊಡ ಗಂಧ ಬೇಕಾದರೆ ಕಾರ್ಕಳದವನಿಗೆ ಎಷ್ಟು?

"ಮೂವತ್ತು!" ಎಂದು ಕೂಗಿದೆವು.

ಮಾಸ್ಟ್ರು ಕೊಡೆಯ ತುದಿಯಿಂದ ಬೋರ್ಡು ಕುಟ್ಟಿದರು. "ಗಂಧ ಬಳಿಯುವುದು ಮೈಗೆ ಮಾರಾಯ್ರೆ, ಎತ್ತರಕ್ಕಲ್ಲ."

ಮೈಗೆ ಉದ್ದವೂ ಅಗಲವೂ ಉಂಟು: ಐದೈದ್ಲಿ 25, ಆರಾರ್ಲಿ 36. ಹಾಗಾಗಿ 36 ಕೊಡ. ಕಲ್ಲಿನ ಲೆಕ್ಕ ಇನ್ನೂ ಮೇಲೆ, ದಪ್ಪವೂ ಸೇರಿ ಇನ್ನೊಮ್ಮೆ ಗುಣಿಸಿದರೆ 216ಕ್ಕೆ 125. ಬರೀ ಏಳಡಿ ಜಾಸ್ತಿ, ಭಾರ ಒಂದೂಮುಕ್ಕಾಲು ಪಟ್ಟಿನ ಹತ್ತಿರ!

ಆ ವರ್ಷದ ಗಣರಾಜ್ಯೋತ್ಸವಕ್ಕೆ ಲಾಡು ಹಂಚುವ ಕೆಲಸ ನನ್ನದು. ಲೆಕ್ಕದಲ್ಲಿ ನಾನೇ ಮುಂದಿದ್ದೆ, ಅದಕ್ಕೆ. ಹಂಚಿ ಮುಗಿಯುವಾಗ ನನ್ನ ಕಿಸೆಯಲ್ಲಿ ಮೂರು ಉಳಿದಿದ್ದವು. ಹೇಗೆ ಅಂತ ಕೇಳಬೇಡಿ. ಪಕ್ಕದ ಬೆಂಚಿನವನು ಅಕ್ಕನ ಮದುವೆಯ ಲಾಡು ತಂದಿದ್ದ, ಚೆಂಡಿನಷ್ಟು ದೊಡ್ಡದು. "ಒಂದಕ್ಕೆ ಮೂರು ಕೊಡ್ತೇನೆ" ಎಂದೆ. ಅವನಿಗೆ ಖುಷಿಯೋ ಖುಷಿ.

ಮಾಸ್ಟ್ರು ಹಿಂದೆಯೇ ನಿಂತಿದ್ದರು. ಹೊಡೆಯಲಿಲ್ಲ. ಗಾಂಧಿ ಫೋಟೋದ ಮಾಲೆಯಿಂದ ಒಂದು ಬಾಳೆನಾರು ಎಳೆದು ದೊಡ್ಡ ಲಾಡಿಗೆ ಒಂದು ಸುತ್ತು ಸುತ್ತಿದರು. ಅದೇ ನಾರು ಸಣ್ಣದಕ್ಕೆ ಸರಿಯಾಗಿ ಎರಡು ಸುತ್ತು ಬಂತು. "ಎರಡೆರಡ್ಲಿ ನಾಲ್ಕು, ನಾಲ್ಕೆರಡ್ಲಿ ಎಂಟು. ಮೂರು ಕೊಟ್ಟಿದ್ದೀ. ಬಾಕಿ ಎಷ್ಟು, ನೋಟಿನಲ್ಲಿ ಬರಿ." ಬರೆದೆ. ಕೆಳಗೆ ಕೆಂಪು ಶಾಯಿಯಲ್ಲಿ ಸಹಿ ಹಾಕಿದರು.

ನನ್ನ ಮಗಳು ಈಗ ಕೋಚಿಂಗಿಗೆ ಹೋಗುತ್ತಾಳೆ. ಸೂತ್ರ ಬಾಯಿಪಾಠ, ನಾಲ್ಕು ಉತ್ತರದಲ್ಲಿ ಸರಿಯಾದದ್ದಕ್ಕೇ ಗುರುತು. ಆದರೆ ಕಾರ್ಕಳದ ಬೆಟ್ಟ ಹತ್ತಿಸಿದರೆ ಸೆಲ್ಫಿ ತೆಗೆದು ಸುಮ್ನೆ ಇಳಿದಳು. ನಾನು ನೀರಿನ ಟ್ಯಾಂಕಿ ಕಟ್ಟುವ ಕಂಟ್ರಾಕ್ಟರ್. "ಉದ್ದ, ಅಗಲ, ಎತ್ತರ ಡಬಲ್ ಮಾಡಿದರೆ ಎಲ್ಲ ಡಬಲ್, ಅಲ್ವಾ?" ಎನ್ನುವವರಿಗೆ ಪೇಂಟು ನಾಲ್ಕು ಪಟ್ಟು, ನೀರು ಎಂಟು ಪಟ್ಟು ಎಂದು ಪೆನ್ನು ಮುಟ್ಟದೆ ಹೇಳುತ್ತೇನೆ. ನಮ್ಮ ಕಡೆ ಹಾಗೆ ಹೇಳುವವರು ಕಡಿಮೆಯೇ ಅನ್ನಿ.

ಮಾಸ್ಟ್ರ ವೈಕುಂಠ ಸಮಾರಾಧನೆಯ ಊಟಕ್ಕೆ ಪಕ್ಕದಲ್ಲಿ ಆ ದೊಡ್ಡ ಲಾಡಿನವನೇ ಕೂತಿದ್ದ, ಈಗ ತಲೆ ಪೂರ್ತಿ ಬೋಳು. ಲಾಡು ಬಂತು. ನನ್ನದನ್ನು ಅವನ ಎಲೆಗೆ ದಾಟಿಸಿದೆ. ಅವನು ಅದನ್ನು ಎತ್ತಿ, ತಿರುಗಿಸಿ ನೋಡಿದ.

"ಇದು ಸಣ್ಣದು. ಇನ್ನು ನಾಲ್ಕು."