ಭದ್ರಾವತಿ ಸಿಗ್ನಲ್ ಅಳೆದ ದಿನ

8 ಜನವರಿ 2022, ಶನಿವಾರ
ತೀರ್ಥಹಳ್ಳಿ ಹತ್ತಿರ, ಮನೆ

ಕೊರೊನಾ ಅಂತ ಹಾಕಿದ ವಾರಾಂತ್ಯದ ಕರ್ಫ್ಯೂ ಇವತ್ತು ಮೊದಲ ದಿನ. ಪೇಟೆಗೆ ಹೋಗುವ ಹಾಗಿಲ್ಲ, ಅಡಿಕೆ ಸುಲಿಯುವವರೂ ಬರಲಿಲ್ಲ. ಆರು ತಿಂಗಳಿಂದ ಅಪ್ಪಯ್ಯ ಹೇಳುತ್ತಲೇ ಇದ್ದ ಕೆಲಸಕ್ಕೆ ಕೊನೆಗೂ ಕೈ ಹಾಕಿದೆ. ಅವರ ಹಳೇ ಟ್ರಾನ್ಸಿಸ್ಟರ್‌ನಲ್ಲಿ ಭದ್ರಾವತಿ ಆಕಾಶವಾಣಿ ಸರಿಯಾಗಿ ಬರುತ್ತಿಲ್ಲ. ವಾರ್ತೆ ಓದುವವರ ದನಿಯ ಮೇಲೆ ಸದಾ ಗುಂಯ್ ಅನ್ನುವ ಸದ್ದು. "ಸ್ಟೇಷನ್ನಿನವರು ಪವರ್ ಕಮ್ಮಿ ಮಾಡಿದಾರೆ ಮಾರಾಯ" ಅಂತ ಅಪ್ಪಯ್ಯನ ವಾದ. ನನಗೂ ಹಾಗೇ ಅನಿಸಿತ್ತು. ಆದರೆ ಸಿಗ್ನಲ್ ಕಮ್ಮಿಯಾಗಿದೆಯೋ, ಗಲಾಟೆ ಜಾಸ್ತಿಯಾಗಿದೆಯೋ ಅಂತ ಬರೀ ಕಿವಿಯಲ್ಲಿ ಕೇಳಿ ಹೇಳೋಕೆ ಆಗಲ್ಲ. ಅಳೆದೇ ನೋಡಬೇಕು.

ಬೆಂಗಳೂರಿಂದ ಬರುವಾಗ ಟೈನಿ ಎಸ್‌ಎ ತಂದಿದ್ದೆ. ಅಂಗೈ ಅಗಲದ ಸ್ಪೆಕ್ಟ್ರಂ ಅನಲೈಸರ್ ಅದು. ಎರಿಕ್ ಕಾಶೂಕ್ ಅನ್ನುವವರು ರೂಪಿಸಿದ್ದು, 2020ರಲ್ಲಿ ಮಾರುಕಟ್ಟೆಗೆ ಬಂತು. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ಪುಟ್ಟ ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ಮೇಲೆ ಎರಡು ಸಾಕೆಟ್. ಒಂದು 100 ಕಿಲೋಹರ್ಟ್ಸ್‌ನಿಂದ 350 ಮೆಗಾಹರ್ಟ್ಸ್‌ವರೆಗೆ, ಇನ್ನೊಂದು 240ರಿಂದ 960 ಮೆಗಾಹರ್ಟ್ಸ್‌ವರೆಗೆ. ಭದ್ರಾವತಿ ಮೀಡಿಯಂ ವೇವ್‌ನಲ್ಲಿ ಬರುವುದು 675 ಕಿಲೋಹರ್ಟ್ಸ್‌ನಲ್ಲಿ. ಹಾಗಾಗಿ ಮೊದಲನೇ ಸಾಕೆಟ್.

ಮೊದಲು ಮೀಟರನ್ನೇ ಪರೀಕ್ಷೆ ಮಾಡಿದೆ. ತಕ್ಕಡಿ ಸರಿ ಇದೆಯಾ ನೋಡದೆ ಅಡಿಕೆ ತೂಗುತ್ತೀವಾ? ಜೊತೆಗೆ ಬಂದ ಚಿಕ್ಕ ಕೇಬಲ್ಲನ್ನು ಎರಡು ಸಾಕೆಟ್ ನಡುವೆ ಹಾಕಿ ಸೆಲ್ಫ್ ಟೆಸ್ಟ್ ಕೊಟ್ಟೆ, ಒಂದೊಂದೇ ಪಾಸಾಯಿತು. ಆಮೇಲೆ ಲೆವೆಲ್ ಕ್ಯಾಲಿಬ್ರೇಷನ್. ಉಪಕರಣ ತಾನೇ 30 ಮೆಗಾಹರ್ಟ್ಸ್‌ನಲ್ಲಿ -25 ಡಿಬಿಎಂ ಸಿಗ್ನಲ್ ಹೊರಡಿಸಿ, ತಾನೇ ಅಳೆದು, ತನ್ನನ್ನು ತಿದ್ದಿಕೊಳ್ಳುತ್ತದೆ. 675 ಕಿಲೋಹರ್ಟ್ಸ್‌ನಲ್ಲಿ ಒಂದೆರಡು ಡಿಬಿ (ಸಿಗ್ನಲ್‌ಗಳ ವ್ಯತ್ಯಾಸ ಹೇಳುವ ಮಾನ) ಆಚೀಚೆ ಇದ್ದರೂ ಇರಬಹುದು. ಪರವಾಗಿಲ್ಲ, ನನಗೆ ಮುಖ್ಯವಾಗಿ ಬೇಕಿದ್ದು ಎರಡು ಅಳತೆಗಳ ನಡುವಿನ ವ್ಯತ್ಯಾಸ.

"-25 ಅಂದರೆ ಎಂತ? ಸಾಲವಾ?" ಅಂತ ಅಪ್ಪಯ್ಯ ಕೇಳಿದರು. ಒಳ್ಳೇ ಪ್ರಶ್ನೆ. ಒಂದು ಮಿಲಿವ್ಯಾಟ್‌ಗೆ ಸೊನ್ನೆ ಡಿಬಿಎಂ ಅಂತ ಲೆಕ್ಕ. ಅಲ್ಲಿಂದ ಹತ್ತು ಇಳಿದರೆ ಹತ್ತನೇ ಒಂದು ಪಾಲು, ಇನ್ನೂ ಹತ್ತು ಇಳಿದರೆ ನೂರನೇ ಒಂದು ಪಾಲು. -60 ಅಂದರೆ ಮಿಲಿವ್ಯಾಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಸಣ್ಣದನ್ನು ಹಿಡಿದು ರೇಡಿಯೊ ಮಾತಾಡುತ್ತದೆ ಅಂದಾಗ ಅಪ್ಪಯ್ಯ ಟ್ರಾನ್ಸಿಸ್ಟರನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿದರು. ನನಗೂ ಇದು ಇವತ್ತಿಗೂ ಆಶ್ಚರ್ಯವೇ.

ಜೊತೆಗೆ ಬರುವ ಪುಟ್ಟ ಆಂಟೆನಾ ಇಲ್ಲಿ ಸಾಲದು. 675 ಕಿಲೋಹರ್ಟ್ಸ್ ತರಂಗದ ಉದ್ದವೇ ಸುಮಾರು 444 ಮೀಟರ್. ಹತ್ತು ಮೀಟರ್ ವೈರನ್ನು ಜಗಲಿಯಿಂದ ತೋಟದ ಅಂಚಿನ ಅಡಿಕೆ ಮರಕ್ಕೆ ಎಳೆದು ಕಟ್ಟಿದೆ. ಬಾವಿ ಕಟ್ಟೆ ಹತ್ತಿರದ ಹಸಿ ಮಣ್ಣಿಗೆ ತಾಮ್ರದ ಸರಳು ಹೊಡೆದು ಅರ್ತ್ ಕೊಟ್ಟೆ. ವೈರನ್ನು ಮೊದಲು ಆ ಸರಳಿಗೆ ಮುಟ್ಟಿಸಿ, ಆಮೇಲೆ ಮೀಟರಿಗೆ ಸಿಕ್ಕಿಸಿದೆ. ಉದ್ದ ವೈರಿನಲ್ಲಿ ಸ್ಥಿರ ವಿದ್ಯುತ್ ಕೂತಿರುತ್ತದೆ, ಅದು ಒಳಗಿನ ಚಿಪ್ಪನ್ನು ಸುಟ್ಟರೆ ಮುಗಿಯಿತು. ಮುಂಗಾರಿನ ಗುಡುಗಿನ ದಿನಗಳಲ್ಲಾದರೆ ಈ ವೈರ್ ಕಟ್ಟುವ ಯೋಚನೆಯನ್ನೇ ಮಾಡುತ್ತಿರಲಿಲ್ಲ.

ಸೆಟ್ಟಿಂಗ್ ಹೀಗಿತ್ತು. 500ರಿಂದ 900 ಕಿಲೋಹರ್ಟ್ಸ್, ರೆಸಲ್ಯೂಷನ್ (ಒಂದು ಸಲಕ್ಕೆ ಅಳೆಯುವ ಫ್ರೀಕ್ವೆನ್ಸಿ ಪಟ್ಟಿಯ ಅಗಲ) 3 ಕಿಲೋಹರ್ಟ್ಸ್, 16 ಸಲದ ಸರಾಸರಿ. ಯುಎಸ್‌ಬಿ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿದೆ, ಇಲ್ಲದಿದ್ದರೆ ಚಾರ್ಜರಿನ ಗಲಾಟೆಯನ್ನೇ ಅಳೆದಂತಾಗುತ್ತದೆ. ರೆಸಲ್ಯೂಷನ್ ಅಗಲ ಮಾಡಿದಷ್ಟೂ ಗಲಾಟೆಯ ಅಂಕಿ ಮೇಲೇರುತ್ತದೆ. ಅದಕ್ಕೆ ದಿನವಿಡೀ 3ರಲ್ಲೇ ಬಿಟ್ಟೆ, ಮುಟ್ಟಲೇ ಇಲ್ಲ.

ಪರದೆಯ ಮೇಲೆ 675ರಲ್ಲಿ ನೆಟ್ಟಗೆ ಒಂದು ಕಡ್ಡಿ ಎದ್ದು ನಿಂತಿತು. -58 ಡಿಬಿಎಂ! ನಂಬುವ ಮುಂಚೆ ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಬರುವ ಸಿಗ್ನಲ್ಲನ್ನು ತಗ್ಗಿಸುವ ಒಳಗಿನ ಅಟೆನ್ಯುಯೇಟರನ್ನು 10 ಡಿಬಿ ಹೆಚ್ಚಿಸಿದೆ. ಎಷ್ಟು ತಗ್ಗಿಸಿದೆ ಅನ್ನುವುದನ್ನು ಮೀಟರ್ ತಾನೇ ಲೆಕ್ಕಕ್ಕೆ ಹಿಡಿದು ಅಂಕಿ ತೋರಿಸುತ್ತದೆ. ಆಗಲೂ ಅಂಕಿ ಅಲ್ಲೇ ನಿಂತರೆ ಮೀಟರ್ ಸರಿ, ಬದಲಾದರೆ ಸಿಗ್ನಲ್ ಜಾಸ್ತಿಯಾಗಿ ಮೀಟರ್ ತಬ್ಬಿಬ್ಬಾಗಿದೆ ಅಂತ ಅರ್ಥ. ಅದು -58ರಲ್ಲೇ ನಿಂತಿತು. ನಮ್ಮ ಗುಡ್ಡ ಕಣಿವೆಗಳನ್ನು ದಾಟಿ ಬಂದ ಸಿಗ್ನಲ್ಲಿಗೆ ಇದು ಕಮ್ಮಿಯೇನಲ್ಲ. ಹಾಗಾದರೆ ರೇಡಿಯೊ ಯಾಕೆ ಒದ್ದಾಡುತ್ತಿದೆ?

ಅಷ್ಟರಲ್ಲಿ ಪ್ರಸಾರದ ಬಿಡುವು ಬಂತು. ಕಡ್ಡಿ ಸರಕ್ಕನೆ ಇಳಿಯಿತು. ಅದರ ಬುಡದಲ್ಲಿ ಅಡಗಿದ್ದದ್ದು ಆಗ ಕಂಡಿತು. ಒಂದು ಅಗಲವಾದ ಗುಡ್ಡ, ತುದಿ -71ರಲ್ಲಿ, ಸರಿಯಾಗಿ 675ರ ಮೇಲೇ ಕೂತಿದೆ. ಎಡಬಲ ನೋಡಿದರೆ ಸುಮಾರು 61 ಕಿಲೋಹರ್ಟ್ಸ್‌ಗೊಂದರಂತೆ ಅಂಥದೇ ಗುಡ್ಡಗಳ ಸಾಲು, ಹಲ್ಲಿನ ಹಾಗೆ. ಸ್ಟೇಷನ್‌ಗೂ ಗಲಾಟೆಗೂ ನಡುವೆ ಬರೀ 13 ಡಿಬಿ. ಹೀಗೆ ಸಮ ದೂರದಲ್ಲಿ ಸಾಲಾಗಿ ನಿಲ್ಲುವ ಗುಡ್ಡಗಳು ಹೆಚ್ಚಾಗಿ ಸ್ವಿಚಿಂಗ್ ಅಡಾಪ್ಟರಿನದ್ದು. ಒಳಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಕಡಿದು ಕೊಡುತ್ತವೆ, ಆ ಕಡಿತದ ಎರಡರಷ್ಟು, ಮೂರರಷ್ಟು, ಹತ್ತರಷ್ಟು ಫ್ರೀಕ್ವೆನ್ಸಿಯಲ್ಲೂ ಗಲಾಟೆ ಹೊರಬರುತ್ತದೆ, ಒಳಗೆ ಫಿಲ್ಟರ್ ಸರಿ ಇಲ್ಲದಿದ್ದರೆ ಅದು ಮನೆಯ ವೈರಿಂಗ್‌ಗೆಲ್ಲ ಹರಡಿ ಇಡೀ ಮನೆಯೇ ಆಂಟೆನಾ ಆಗಿಬಿಡುತ್ತದೆ.

ಮೇನ್ ಸ್ವಿಚ್ ಆಫ್ ಮಾಡಿದೆ. ಗುಡ್ಡ ಇಳಿಯಲಿಲ್ಲ, ಅದರ ಜೊತೆಗೆ ಹೊಸ ಗಲಾಟೆಯೂ ಸೇರಿಕೊಂಡಿತು. ಹತ್ತು ನಿಮಿಷ ತಲೆ ಕೆಡಿಸಿಕೊಂಡೆ. ಹೊರಗಿನ ಲೈನಿನಿಂದ ಬರುತ್ತಿದೆಯಾ, ಪಕ್ಕದ ಮನೆಯದ್ದಾ ಅಂತ ಮೀಟರ್ ಹಿಡಿದು ಅಂಗಳ ಸುತ್ತಿದೆ. ಅಮ್ಮ ಒಳಗಿಂದ "ಮೇನ್ ತೆಗೆದರೂ ಫ್ಯಾನ್ ತಿರುಗ್ತಾ ಇದೆಯಲ್ಲ" ಅಂದಾಗ ಹೊಳೆಯಿತು. ಯುಪಿಎಸ್! ಅದು ಮೇನ್ ಹೋದ ಕೂಡಲೇ ಚಾಲೂ ಆಗಿದೆ. ಅದನ್ನೂ ಆಫ್ ಮಾಡಿದೆ. ಗುಡ್ಡಗಳೆಲ್ಲ ಒಮ್ಮೆಲೇ ಮಾಯ. ಪರದೆಯ ಕೆಳಗೆ -94ರಲ್ಲಿ ಸಣ್ಣ ಹುಲ್ಲಿನಂಥ ಗೆರೆ ಮಾತ್ರ.

ಆಮೇಲೆ ಮೇನ್, ಯುಪಿಎಸ್ ಎರಡನ್ನೂ ಹಾಕಿ, ಯುಪಿಎಸ್ ಲೈನಿನಲ್ಲಿರುವ ಒಂದೊಂದೇ ಪ್ಲಗ್ ತೆಗೆಯುತ್ತಾ ಬಂದೆ. ಫ್ಯಾನ್, ಅಲ್ಲ. ನಡುಮನೆಯ ಎಲ್‌ಇಡಿ ಟ್ಯೂಬ್, ಅಲ್ಲ. ಮೊಬೈಲ್ ಚಾರ್ಜರ್, ಸ್ವಲ್ಪ, ಆದರೆ ಇದಲ್ಲ. ಮಾಡಿನ ಮೂಲೆಯ ಇಂಟರ್ನೆಟ್ ಪೆಟ್ಟಿಗೆಯ ಕಪ್ಪು ಅಡಾಪ್ಟರ್ ಕಿತ್ತೆ. ಗುಡ್ಡ ಬಿತ್ತು. ಸಿಕ್ಕಿಸಿದೆ, ಎದ್ದಿತು. ಮೂರು ಸಲ ಮಾಡಿ ನೋಡಿದೆ.

ಮನೆಯಿಂದ ಕೆಲಸ ಮಾಡೋಕೆ ಅಂತ ಹೋದ ಜೂನ್‌ನಲ್ಲಿ ನಾನೇ ಹಾಕಿಸಿದ ಇಂಟರ್ನೆಟ್ ಅದು. ಅಪ್ಪಯ್ಯ ಆರು ತಿಂಗಳಿಂದ ಅನ್ನುತ್ತಿದ್ದದ್ದು ಸರಿಯಾಗೇ ಇತ್ತು, ತಾರೀಖು ಕೂಡ. ಸ್ಟೇಷನ್ನಿನವರು ಮಾತ್ರ ಏನೂ ಮಾಡಿರಲಿಲ್ಲ. ಇದನ್ನು ಹೇಳಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನನಗೇ ತುಂಬ ಬೇಜಾರಾಯಿತು. ದಿನಾ ಬೆಳಿಗ್ಗೆ ರೇಡಿಯೊವನ್ನು ಕಿವಿಗೆ ಒತ್ತಿ ಹಿಡಿದು ವಾರ್ತೆ ಕೇಳುತ್ತಿದ್ದರು. ರೇಡಿಯೊವನ್ನು ಕಿಟಕಿ ಕಡೆ ತಿರುಗಿಸಿ ಇಟ್ಟರೆ ಸದ್ದು ಕಮ್ಮಿ ಅಂತಲೂ ಕಂಡುಕೊಂಡಿದ್ದರು. ಅದೂ ಸರಿಯೇ. ರೇಡಿಯೊದ ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಯಾವ ಕಡೆ ನೋಡುತ್ತದೋ ಆ ಕಡೆಯಿಂದ ಬರುವುದನ್ನು ರೇಡಿಯೊ ಕಮ್ಮಿ ಹಿಡಿಯುತ್ತದೆ.

ಹಳೇ ಮಾನಿಟರ್ ಕೇಬಲ್ಲಿನಲ್ಲಿದ್ದ, ಗಲಾಟೆ ತಡೆಯುವ ಫೆರೈಟ್ ಉಂಡೆಗೆ ಅಡಾಪ್ಟರಿನ ವೈರನ್ನು ಏಳು ಸುತ್ತು ಹಾಕಿದೆ. -71 ಇದ್ದದ್ದು -79ಕ್ಕೆ ಇಳಿಯಿತು. ಸಾಲದು. ಪೆಟ್ಟಿಗೆಗೆ ಬೇಕಿರುವುದು 12 ವೋಲ್ಟ್. ಹಿತ್ತಲ ತರಕಾರಿಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪಿನಲ್ಲೂ 12 ವೋಲ್ಟಿನ ಬ್ಯಾಟರಿಯೇ ಇದೆ. ಅದನ್ನು ತೆಗೆದು, ಪ್ಲಸ್ ಮೈನಸ್ ಎರಡು ಸಲ ನೋಡಿ, ಒಂದು ಫ್ಯೂಸ್ ಹಾಕಿ ಕೊಟ್ಟೆ. ಇಂಟರ್ನೆಟ್ ನಡೆಯಿತು, ಗುಡ್ಡ ಇಲ್ಲ. -93.

ಸಂಜೆ ವಾರ್ತೆಗೆ ಅಪ್ಪಯ್ಯ ರೇಡಿಯೊವನ್ನು ಜಗಲಿಯ ಮೇಜಿನ ಮೇಲಿಟ್ಟು, ದೂರ ಕುರ್ಚಿಯಲ್ಲಿ ಕೂತು ಕೇಳಿದರು. ಸೊಲ್ಲೆತ್ತಲಿಲ್ಲ. ಮುಗಿದ ಮೇಲೆ "ಧಾರವಾಡ ಬರ್ತದಾ ನೋಡು" ಅಂದರು. ಮಾರ್ಕರನ್ನು 765ಕ್ಕೆ ಸರಿಸಿದೆ. -74ರಲ್ಲಿ ಸಣ್ಣ ಕಡ್ಡಿ. ಬೆಳಿಗ್ಗೆಯಾಗಿದ್ದರೆ ಪಕ್ಕದ ಗುಡ್ಡದ ಇಳಿಜಾರಿನಲ್ಲಿ ಮುಚ್ಚಿ ಹೋಗುತ್ತಿತ್ತು. ಅಪ್ಪಯ್ಯ ಮುಳ್ಳನ್ನು ನಿಧಾನಕ್ಕೆ ತಿರುಗಿಸಿ ಹಿಡಿದರು, ತೆಳ್ಳಗೆ ಹಾಡು ಬಂತು.

ಸೋಮವಾರ ಪೇಟೆ ತೆರೆದ ಮೇಲೆ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಥರದ ಭಾರದ ಅಡಾಪ್ಟರ್ ಹುಡುಕಬೇಕು. ಬದನೆ ಗಿಡಕ್ಕೆ ಹುಳ ಬಿದ್ದಿದೆಯಂತೆ, ಅಮ್ಮನಿಗೆ ಪಂಪಿನ ಬ್ಯಾಟರಿ ವಾಪಸ್ ಬೇಕು.