ಸ್ಲೈಡಿನಲ್ಲಿ ಕಂಡದ್ದು 320, ಉಳಿದವು ರಕ್ತನಾಳದ ಗೋಡೆಗೆ

"ಭಾಳ ಕಡಿಮಿ ಐತ್ರೀ ಸರ್. ಫಾಲ್ಸಿಪ್ಯಾರಮ್, ಎರಡು ಪ್ಲಸ್ ಅಷ್ಟ."

ಹುಬ್ಬಳ್ಳಿಯ ನಮ್ಮ ಲ್ಯಾಬಿನಿಂದ ಡ್ಯೂಟಿ ಡಾಕ್ಟರಿಗೆ ನಾನು ಫೋನಿನಲ್ಲಿ ಹೇಳಿದ ಮಾತು ಇದು. ಫಾಲ್ಸಿಪ್ಯಾರಮ್ ಎಂದರೆ ಮಲೇರಿಯಾ ತರುವ ಪರಾವಲಂಬಿಗಳಲ್ಲಿ ಹೆಚ್ಚು ಅಪಾಯದ್ದು, ಪ್ಲಸ್ ಎಂದರೆ ಸ್ಲೈಡಿನಲ್ಲಿ ಅದು ಎಷ್ಟಿದೆ ಎನ್ನುವ ಅಂದಾಜು ಗುರುತು. ಎಣಿಕೆ ಸರಿಯಾಗಿಯೇ ಇತ್ತು. ತಪ್ಪಿದ್ದು ‘ಭಾಳ ಕಡಿಮಿ’ ಅನ್ನುವ ಎರಡು ಶಬ್ದದಲ್ಲಿ.

ರೋಗಿ ಹಾವೇರಿ ಕಡೆಯ ಗಾರೆ ಕೆಲಸದವರು. ಮಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡಿ ಊರಿಗೆ ಬಂದಿದ್ದರು, ಜ್ವರ ಐದನೇ ದಿನ. ಥಿಕ್ ಸ್ಮಿಯರಿನಲ್ಲಿ (ಸ್ಲೈಡಿನ ಮೇಲೆ ದಪ್ಪಗೆ ಹಚ್ಚಿದ ರಕ್ತದ ಹನಿ) 500 ಬಿಳಿ ಕಣ ಎಣಿಸುವಷ್ಟರಲ್ಲಿ 20 ಪರಾವಲಂಬಿ ಸಿಕ್ಕವು. 20ನ್ನು 8000ದಿಂದ (ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವೆಯೆಂದು ಹಿಡಿಯುವ ಬಿಳಿ ಕಣಗಳ ಸಂಖ್ಯೆ) ಗುಣಿಸಿ 500ರಿಂದ ಭಾಗಿಸಿದರೆ ಮೈಕ್ರೋಲೀಟರಿಗೆ 320. ಕರಾವಳಿಯಿಂದ ಬರುವ ಜ್ವರದಲ್ಲಿ ನಾವು ನೋಡುವುದು ಹೆಚ್ಚಾಗಿ ವೈವಾಕ್ಸ್ ಎಂಬ ಇನ್ನೊಂದು ಮಲೇರಿಯಾ ಪರಾವಲಂಬಿ. ಅದರಲ್ಲಿ ಮೊದಲ ಹಂತದ ರಿಂಗ್, ಬೆಳೆದ ಟ್ರೋಫೊಜಾಯಿಟ್, ಒಡೆದು ಹೊಸ ಪೀಳಿಗೆ ಚೆಲ್ಲುವ ಶೈಜಾಂಟ್ ಎಲ್ಲವೂ ಒಂದೇ ಸ್ಲೈಡಿನಲ್ಲಿ ಸಿಗುತ್ತವೆ. ಗುಲ್ಮದಲ್ಲಿ ಒಂದಿಷ್ಟು ಅಡಗಿದ್ದರೂ ಸ್ಲೈಡಿನ ಲೆಕ್ಕ ಸುಮಾರಾಗಿ ನಂಬುವಂಥದ್ದು. ಅದೇ ರೂಢಿಯಲ್ಲಿ ಇದನ್ನೂ ಓದಿಬಿಟ್ಟೆ. ಲೋಡ್ (ಪರಾವಲಂಬಿಗಳ ಪ್ರಮಾಣ) ಕಡಿಮೆ ಎಂದು ಕೇಳಿದ ಡಾಕ್ಟರು ಎಸಿಟಿ, ಅಂದರೆ ಆರ್ಟಿಮಿಸಿನಿನ್ ಬಗೆಯ ಔಷಧ ಸೇರಿದ ಮಲೇರಿಯಾ ಮಾತ್ರೆ ಬರೆದರು.

ನಲವತ್ತು ನಿಮಿಷದಲ್ಲಿ ವಾರ್ಡಿನಿಂದ ಫೋನು. ರೋಗಿ ತಡವರಿಸಿ ಮಾತಾಡುತ್ತಿದ್ದಾರೆ, ಗ್ಲುಕೋಸ್ 38ಕ್ಕೆ ಇಳಿದಿದೆ, ಅಂಗಗಳಿಗೆ ರಕ್ತ ಸಾಲದಾಗ ಏರುವ ಲ್ಯಾಕ್ಟೇಟ್ 6.2 ಆಗಿದೆ. ಸ್ಲೈಡ್ ಇವರದ್ದೇನಾ, ಇನ್ನೊಮ್ಮೆ ನೋಡಿ ಅಂದರು.

ಅದೇ ಸ್ಲೈಡನ್ನು ಮತ್ತೆ ಸ್ಟೇಜಿಗೆ ಏರಿಸಿದೆ. ಈ ಸಲ ಎಣಿಸಲಿಲ್ಲ, ನೋಡಿದೆ. ರಿಂಗ್‌ಗಳಲ್ಲಿ ಹೆಚ್ಚಿನವು ಸೂಕ್ಷ್ಮ ಬಳೆಯಂಥವಲ್ಲ. ಸೈಟೋಪ್ಲಾಸಂ ದಪ್ಪಗಿದ್ದ, ವಯಸ್ಸಾದ ರಿಂಗ್‌ಗಳು. ಆಮೇಲೆ ನ್ಯೂಟ್ರೊಫಿಲ್ ಎಂಬ ಬಗೆಯ ಬಿಳಿ ಕಣಗಳನ್ನು ಒಂದೊಂದಾಗಿ ತೆರೆದು ನೋಡಿದೆ. ನೂರರಲ್ಲಿ ಒಂಬತ್ತರ ಒಳಗೆ ಕಂದುಗಪ್ಪು ಹೀಮೋಜೋಯಿನ್ ಕಣ, ಅಂದರೆ ಪರಾವಲಂಬಿ ಹಿಮೋಗ್ಲೋಬಿನ್ ತಿಂದು ಉಳಿಸುವ ಪಿಗ್ಮೆಂಟ್. ಮೊದಲ ಸಲ 500 ಬಿಳಿ ಕಣಗಳನ್ನು ದಾಟಿ ಬಂದಿದ್ದೆ, ಬರೀ ಭಾಜಕವೆಂದು. ಒಂದರೊಳಗೂ ಇಣುಕಿರಲಿಲ್ಲ. ಶೈಜಾಂಟ್ ಒಡೆದಾಗ ಚೆಲ್ಲುವ ಪಿಗ್ಮೆಂಟನ್ನು ನ್ಯೂಟ್ರೊಫಿಲ್ ನುಂಗುತ್ತದೆ, ಆದರೆ ಅದು ಬಹಳ ದಿನ ಬದುಕುವ ಕಣವಲ್ಲ. ಹಾಗಾಗಿ ಅದರಲ್ಲಿ ಪಿಗ್ಮೆಂಟ್ ಕಂಡರೆ ಈಚೆಗಷ್ಟೇ ದೊಡ್ಡ ಪ್ರಮಾಣದಲ್ಲಿ ಶೈಜಾಂಟ್ ಒಡೆದಿದೆ ಎಂದರ್ಥ. ಶೇಕಡಾ 5 ದಾಟಿದರೆ ಕೆಟ್ಟ ಸೂಚನೆ.

ಉಳಿದ ಪರಾವಲಂಬಿಗಳು ಎಲ್ಲಿದ್ದವು? ಫಾಲ್ಸಿಪ್ಯಾರಮ್‌ನ 48 ಗಂಟೆಯ ಚಕ್ರದಲ್ಲಿ ಸುಮಾರು ಮೊದಲ ಅರ್ಧ ಮಾತ್ರ ಅದು ರಕ್ತದಲ್ಲಿ ತೇಲುತ್ತದೆ. ಆಮೇಲೆ ತಾನು ಹೊಕ್ಕ ಕೆಂಪು ಕಣದ ಮೇಲ್ಮೈಯಲ್ಲಿ ಗುಬ್ಬಿಗಳನ್ನು ಎಬ್ಬಿಸಿ, ಅವುಗಳ ಮೇಲೆ ಪಿಎಫ್‌ಇಎಂಪಿ-1 ಎಂಬ ಪ್ರೋಟೀನನ್ನು ನಿಲ್ಲಿಸುತ್ತದೆ. ಇದು ರಕ್ತನಾಳದ ಒಳಗೋಡೆಯ ಸಿಡಿ36, ಐಕ್ಯಾಮ್-1, ಇಪಿಸಿಆರ್ ಎಂಬ ಅಣುಗಳಿಗೆ ಕಚ್ಚಿಕೊಳ್ಳುತ್ತದೆ. ಹೀಗೆ ಅಂಟಿದ ಕಣ ಗುಲ್ಮಕ್ಕೆ ಹೋಗುವುದಿಲ್ಲ, ಸೋಸಿಹೋಗುವುದೂ ಇಲ್ಲ. ಮಿದುಳಿನ ಸಣ್ಣ ನಾಳಗಳಲ್ಲಿ ಅಂಟಿದರೆ ಹರಿವು ಕಟ್ಟುತ್ತದೆ, ಲ್ಯಾಕ್ಟೇಟ್ ಏರುತ್ತದೆ. ಬೆರಳ ತುದಿಯ ಹನಿಯಲ್ಲಿ ಇದ್ಯಾವುದೂ ಬರುವುದಿಲ್ಲ. ದಪ್ಪ ರಿಂಗ್ ಎಂದರೆ ಜೊತೆಯವು ಆಗಲೇ ಗೋಡೆ ಹಿಡಿದಿವೆ, ಇವು ಹೊರಡುವ ಹೊತ್ತಿನವು.

ಈ ಪ್ರೋಟೀನಿಗೆ ಪರಾವಲಂಬಿಯ ಬಳಿ ಸುಮಾರು 60 ‘ವಾರ್’ ಜೀನ್‌ಗಳಿವೆ. ಒಂದು ಹೊತ್ತಿಗೆ ಒಂದನ್ನೇ ತೊಡುತ್ತದೆ. ದೇಹ ಅದಕ್ಕೆ ಆಂಟಿಬಾಡಿ ಕಟ್ಟುವಷ್ಟರಲ್ಲಿ ಕೆಲವು ಇನ್ನೊಂದಕ್ಕೆ ಬದಲಾಗಿರುತ್ತವೆ. ಮಲೇರಿಯಾ ಸದಾ ಇರುವ ಆಫ್ರಿಕಾದ ಊರುಗಳಲ್ಲಿ ಬೆಳೆದ ವಯಸ್ಕರಿಗೆ ಇವುಗಳಲ್ಲಿ ಬಹಳಷ್ಟರ ಪರಿಚಯವಿರುತ್ತದೆ. ನಮ್ಮ ಹಾವೇರಿ, ಗದಗದ ಕಡೆಯವರಿಗೆ ಆ ರಕ್ಷಣೆ ಇಲ್ಲ. ಗಟ್ಟಿಮುಟ್ಟಾದ ಮೂವತ್ತರ ಆಳು ಒಂದೇ ದಿನದಲ್ಲಿ ಕುಸಿಯುವುದು ಇದರಿಂದಲೇ.

ಬಸುರಿಯರ ಸ್ಯಾಂಪಲ್ ಬಂದಾಗ ಇನ್ನೂ ಎಚ್ಚರ ಬೇಕು. ವಾರ್2ಸಿಎಸ್ಎ ಎಂಬ ಬಗೆ ಮಾಸಿನ ಕಾಂಡ್ರಾಯ್ಟಿನ್ ಸಲ್ಫೇಟಿಗೇ ಅಂಟುತ್ತದೆ. ಮಾಸು ತುಂಬ ಪರಾವಲಂಬಿ ಇದ್ದು ಸ್ಮಿಯರ್ ನೆಗೆಟಿವ್ ಬರಬಹುದು. ಹಿಮೋಗ್ಲೋಬಿನ್ ಇಳಿದಿದ್ದು, ಕರಾವಳಿಗೆ ಹೋಗಿ ಬಂದಿದ್ದರೆ ಒಂದು ನೆಗೆಟಿವ್‌ಗೆ ಫೈಲು ಮುಚ್ಚಬೇಡಿ.

ಆರ್‌ಡಿಟಿ (ಕಿಟ್ಟಿನ ತ್ವರಿತ ಪರೀಕ್ಷೆ) ಗೆರೆಯ ಗಾಢತೆಯಿಂದ ಲೋಡ್ ಊಹಿಸುವ ಚಟವೂ ನಮ್ಮಲ್ಲಿದೆ, ಅದನ್ನು ಬಿಡಬೇಕು. ಆ ಕಿಟ್ ಹಿಡಿಯುವ ಎಚ್‌ಆರ್‌ಪಿ-2 ಪರಾವಲಂಬಿ ರಕ್ತಕ್ಕೆ ಸುರಿಯುವ ಪ್ರೋಟೀನ್, ಅಡಗಿದವುಗಳಿಂದಲೂ ಬರುತ್ತದೆ ಎನ್ನುವುದು ನಿಜ. ಆದರೆ ಔಷಧ ಮುಗಿದ ಮೇಲೂ ವಾರಗಟ್ಟಲೆ ಉಳಿಯುತ್ತದೆ, ಲೋಡ್ ವಿಪರೀತವಾದರೆ ಪ್ರೋಜೋನ್‌ನಿಂದ (ಪ್ರೋಟೀನ್ ಅತಿಯಾಗಿ ಕಿಟ್ಟಿನ ಆಂಟಿಬಾಡಿ ಸಾಲದಾಗಿ) ಗೆರೆ ತೆಳುವಾಗುವುದೂ ಉಂಟು.

ನಾನು ಡಾಕ್ಟರಿಗೆ ಮರುಫೋನು ಮಾಡಿ ಪಿಗ್ಮೆಂಟ್ ವಿಷಯ ಹೇಳಿದೆ. ರೋಗಿಯನ್ನು ಐಸಿಯುಗೆ ಒಯ್ದು ಡೆಕ್ಸ್‌ಟ್ರೋಸ್ ಕೊಟ್ಟರು, ಆರ್ಟಿಸುನೇಟ್ ಇಂಜೆಕ್ಷನ್ ಕಿಲೋಗೆ 2.4 ಮಿಲಿಗ್ರಾಂ ಲೆಕ್ಕದಲ್ಲಿ 0, 12, 24ನೇ ಗಂಟೆಗೆ. ಆರು ಗಂಟೆಯ ಸ್ಲೈಡಿನಲ್ಲಿ 500ಕ್ಕೆ 118, ಅಂದರೆ 1888. ಔಷಧ ಕೆಲಸ ಮಾಡುತ್ತಿಲ್ಲವೇ ಎಂದು ಕೇಳಿದರು. ಈಗ ಕಂಡವು ಸೂಕ್ಷ್ಮ, ಎಳೆಯ ರಿಂಗ್‌ಗಳು. ಗೋಡೆಯಲ್ಲಿದ್ದ ಶೈಜಾಂಟ್‌ಗಳು ಒಡೆದು ಹೊರಬಂದ ಹೊಸ ಪೀಳಿಗೆ. ಮೊದಲ ದಿನದ ಏರಿಕೆ ನೋಡಿ ಔಷಧ ಸೋತಿತೆಂದು ಹೇಳಲಾಗದು, 72 ಗಂಟೆಯ ಸ್ಲೈಡ್ ನೋಡಬೇಕು. 24ನೇ ಗಂಟೆಗೆ ಎಣಿಕೆ ಇಳಿಯಿತು, ಮೂರನೇ ದಿನ ಸ್ಲೈಡ್ ಖಾಲಿ. ರೋಗಿ ನಡೆದುಕೊಂಡು ಮನೆಗೆ ಹೋದರು.

ಟಿಎಟಿ (ಸ್ಯಾಂಪಲ್ ಬಂದು ರಿಪೋರ್ಟ್ ಹೋಗುವವರೆಗಿನ ಸಮಯ) 45 ನಿಮಿಷ ದಾಟಿದರೆ ಮ್ಯಾನೇಜ್‌ಮೆಂಟಿನಿಂದ ಮೆಸೇಜ್ ಬರುತ್ತದೆ. ನ್ಯೂಟ್ರೊಫಿಲ್ ನೋಡಲು ಬೇಕಾಗುವುದು ಹೆಚ್ಚುವರಿ ಐದು ನಿಮಿಷ. ರಿಪೋರ್ಟ್ ಸಾಫ್ಟ್‌ವೇರಿನಲ್ಲಿ ಪ್ರಭೇದಕ್ಕೆ, ಪ್ಲಸ್‌ಗೆ ಜಾಗವಿದೆ. ಹಂತಕ್ಕೆ, ಪಿಗ್ಮೆಂಟಿಗೆ ಇಲ್ಲ. ಎರಡು ಸಲ ಬರೆದು ಕೇಳಿದ್ದೇವೆ, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಪ್ರತಿ ಫಾಲ್ಸಿಪ್ಯಾರಮ್ ರಿಪೋರ್ಟಿನ ರಿಮಾರ್ಕ್ಸ್‌ನಲ್ಲಿ ಕೈಯಿಂದ ಟೈಪ್ ಮಾಡುತ್ತೇವೆ: ರಿಂಗ್ ಎಳೆಯದೋ ಬಲಿತದ್ದೋ, ಪಿಗ್ಮೆಂಟ್ ಇರುವ ನ್ಯೂಟ್ರೊಫಿಲ್ ನೂರಕ್ಕೆ ಎಷ್ಟು, ಮುಂದಿನ ಸ್ಲೈಡ್ ಎಷ್ಟು ಗಂಟೆಗೆ.