ಪಿಡಿಎಫ್ ಫ್ಲಾಟನ್ ಮಾಡುವುದು: ಯಾವ ದಾರಿ, ಎಲ್ಲಿ ಎಡವಟ್ಟು

ಪಿಡಿಎಫ್‌ನ ಮೇಲೆ ಹೈಲೈಟ್ ಎಳೆದು, ಬಾಣ ಹಾಕಿ, ‘ಅನುಮೋದಿತ’ ಅಂತ ಸ್ಟ್ಯಾಂಪ್ ಒತ್ತಿ ಕಳಿಸುತ್ತೀರಿ. ಫೈಲ್ ಸಿಕ್ಕವರು ಆ ಸ್ಟ್ಯಾಂಪನ್ನು ಕ್ಲಿಕ್ ಮಾಡಿ ಡಿಲೀಟ್ ಕೀ ಒತ್ತಿದರೆ ಆಯಿತು, ಅಲ್ಲೊಂದು ಸ್ಟ್ಯಾಂಪ್ ಇತ್ತು ಅನ್ನುವುದೇ ಗೊತ್ತಾಗದು. ಇನ್ನು ಕೆಲವು ಮೊಬೈಲ್ ವ್ಯೂವರ್‌ಗಳು ಇಂಥ ಗುರುತುಗಳನ್ನು ತೋರಿಸುವುದೇ ಇಲ್ಲ. ಎರಡಕ್ಕೂ ಮದ್ದು ಫ್ಲಾಟನ್ ಮಾಡುವುದು, ಅಂದರೆ ಗುರುತುಗಳನ್ನು ಪುಟದಲ್ಲೇ ಬೆರೆಸಿಬಿಡುವುದು. ಆದರೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿಯದೆ ಬಟನ್ ಒತ್ತಿದರೆ ಇದ್ದದ್ದನ್ನೂ ಕಳೆದುಕೊಳ್ಳಬಹುದು.

ಪಿಡಿಎಫ್ ಪುಟದ ಅಕ್ಷರ, ಗೆರೆ, ಚಿತ್ರಗಳೆಲ್ಲ ಆ ಪುಟದ ಕಂಟೆಂಟ್ ಸ್ಟ್ರೀಮ್‌ನಲ್ಲಿರುತ್ತವೆ. ನಾವು ಆಮೇಲೆ ಸೇರಿಸುವ ಮಾರ್ಕಪ್ ಅಲ್ಲಿಗೆ ಹೋಗುವುದಿಲ್ಲ. ಪ್ರತಿ ಪುಟಕ್ಕೂ ಅನೋಟೇಶನ್‌ಗಳ ಪಟ್ಟಿಯೊಂದು ಬೇರೆಯಾಗಿ ಇರುತ್ತದೆ. ಹೈಲೈಟ್, ಸ್ಟಿಕಿ ನೋಟ್, ಸ್ಟ್ಯಾಂಪ್, ಫಾರ್ಮ್ ಫೀಲ್ಡ್, ಕೊನೆಗೆ ಲಿಂಕ್ ಕೂಡ ಅದರಲ್ಲೊಂದು ನಮೂದು. ಅದು ಯಾವ ಬಗೆಯದು, ಪುಟದಲ್ಲಿ ಎಲ್ಲಿದೆ, ಯಾರು ಯಾವಾಗ ಹಾಕಿದರು ಎಂಬ ವಿವರ ಅಲ್ಲೇ ಇರುತ್ತದೆ. ಜೊತೆಗೆ, ಪರದೆಯ ಮೇಲೆ ಅದು ಹೇಗೆ ಕಾಣಬೇಕು ಎನ್ನುವುದರ ಪುಟ್ಟ ಚಿತ್ರವೂ ಇರುತ್ತದೆ. ಇದಕ್ಕೆ ಅಪಿಯರೆನ್ಸ್ ಸ್ಟ್ರೀಮ್ ಅನ್ನುತ್ತಾರೆ. ಫ್ಲಾಟನ್ ಮಾಡುವ ತಂತ್ರಾಂಶ ಈ ಪುಟ್ಟ ಚಿತ್ರವನ್ನು ಅದರ ಜಾಗದಲ್ಲೇ ಪುಟದ ಕಂಟೆಂಟ್‌ಗೆ ಸೇರಿಸಿ, ಪಟ್ಟಿಯಿಂದ ನಮೂದನ್ನು ಕಿತ್ತುಹಾಕುತ್ತದೆ. ಇಷ್ಟೇ ಕೆಲಸ. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ಅಪಿಯರೆನ್ಸ್ ಸ್ಟ್ರೀಮ್ ಇಲ್ಲದಿರುವುದರಿಂದಲೋ ಕೆಟ್ಟಿರುವುದರಿಂದಲೋ ಹುಟ್ಟುವಂಥವು.

ಶುರು ಮಾಡುವ ಮೊದಲು ಮೂಲ ಫೈಲಿನ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಎತ್ತಿಡಿ. ಫ್ಲಾಟನ್ ಆದ ಫೈಲನ್ನು ಸೇವ್ ಮಾಡಿ ಮುಚ್ಚಿದ ಮೇಲೆ ಸಾಮಾನ್ಯವಾಗಿ ಹಿಂದಕ್ಕೆ ತರಲು ಬಾರದು. ಸ್ಟಿಕಿ ನೋಟ್ ಅಥವಾ ಹೈಲೈಟ್‌ನ ಪಾಪ್‌ಅಪ್‌ನಲ್ಲಿ ಬರೆದ ಮಾತುಗಳಿದ್ದರೆ ಇನ್ನೂ ಜಾಗ್ರತೆ ಬೇಕು: ಪುಟಕ್ಕೆ ಇಳಿಯುವುದು ನೋಟಿನ ಐಕಾನ್ ಅಥವಾ ಹಳದಿ ಪಟ್ಟಿ ಮಾತ್ರ, ಒಳಗಿನ ಬರಹವೂ ಅದಕ್ಕೆ ಬಂದ ಉತ್ತರಗಳೂ ಹೋಗಿಬಿಡುತ್ತವೆ. ಅಡೋಬಿಯವರ ಪಿಡಿಎಫ್ ತಂತ್ರಾಂಶ ಅಕ್ರೊಬ್ಯಾಟ್‌ನಲ್ಲಿ ಕಾಮೆಂಟ್ ಸಮ್ಮರಿ ಮಾಡಿಕೊಳ್ಳುವ ಸೌಲಭ್ಯವಿದೆ. ಮೊದಲು ಅದನ್ನು ತೆಗೆದಿಟ್ಟುಕೊಂಡು ಮುಂದುವರಿಯಿರಿ.

ಅಕ್ರೊಬ್ಯಾಟ್ ಪ್ರೊ ಇದ್ದವರಿಗೆ ನೇರ ದಾರಿ ಪ್ರಿಫ್ಲೈಟ್, ಅಂದರೆ ಮುದ್ರಣಕ್ಕೆ ಮೊದಲು ಫೈಲನ್ನು ಪರೀಕ್ಷಿಸಿ ಸರಿಪಡಿಸುವ ಪರಿಕರ. ಪ್ರಿಂಟ್ ಪ್ರೊಡಕ್ಷನ್ ಪರಿಕರಗಳಲ್ಲಿ ಅದನ್ನು ತೆರೆದು, ಸ್ಪ್ಯಾನರ್ ಗುರುತಿರುವ ಫಿಕ್ಸಪ್‌ಗಳ ಪಟ್ಟಿಗೆ ಹೋಗಿ, ಹುಡುಕು ಪೆಟ್ಟಿಗೆಯಲ್ಲಿ ಫ್ಲಾಟನ್ ಅಂತ ಹಾಕಿ. ‘ಫ್ಲಾಟನ್ ಅನೋಟೇಶನ್ಸ್ ಆಂಡ್ ಫಾರ್ಮ್ ಫೀಲ್ಡ್ಸ್’ ಎಂಬುದನ್ನು ಆರಿಸಿ ಫಿಕ್ಸ್ ಒತ್ತಿದರೆ ಹೊಸ ಹೆಸರು ಕೇಳುತ್ತದೆ. ಅದೇ ಪಟ್ಟಿಯಲ್ಲಿ ಟ್ರಾನ್ಸ್‌ಪರೆನ್ಸಿ ಫ್ಲಾಟನ್ ಮಾಡುವುದೂ ಕಾಣಿಸುತ್ತದೆ. ಅದು ಮುದ್ರಣಾಲಯದವರ ಕೆಲಸ, ನಿಮ್ಮ ಕಾಮೆಂಟ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ. ಕೋಡ್ ಬರೆಯುವವರು ಜಾವಾಸ್ಕ್ರಿಪ್ಟ್ ಕನ್ಸೋಲ್‌ನಲ್ಲಿ ಫ್ಲಾಟನ್‌ಪೇಜಸ್ ಆದೇಶವನ್ನೂ ಬಳಸಬಹುದು. ಪ್ರಿಂಟ್ ಆಗದ ಅನೋಟೇಶನ್‌ಗಳನ್ನು ಏನು ಮಾಡಬೇಕು ಎಂದು ಅದಕ್ಕೆ ಹೇಳಬಹುದು: 0 ಕೊಟ್ಟರೆ ಅವನ್ನೂ ಪುಟಕ್ಕೆ ಇಳಿಸುತ್ತದೆ, 1 ಕೊಟ್ಟರೆ ಇದ್ದಲ್ಲೇ ಬಿಡುತ್ತದೆ, 2 ಕೊಟ್ಟರೆ ತೆಗೆದುಹಾಕುತ್ತದೆ. ಉಚಿತ ರೀಡರ್‌ನಲ್ಲಿ ಈ ಆದೇಶ ನಡೆಯುವುದಿಲ್ಲ.

ದುಡ್ಡು ಕೊಡದೆ ಮಾಡಬೇಕೆಂದರೆ ನನ್ನ ಆಯ್ಕೆ ಕ್ಯೂಪಿಡಿಎಫ್. ಕಮ್ಯಾಂಡ್ ಲೈನ್‌ನಲ್ಲಿ ಓಡುವ ಇದಕ್ಕೆ ಅನೋಟೇಶನ್ ಫ್ಲಾಟನ್ ಮಾಡುವ ಆಯ್ಕೆಯಿದ್ದು, ಆಲ್, ಪ್ರಿಂಟ್, ಸ್ಕ್ರೀನ್ ಎಂಬ ಮೂರರಲ್ಲಿ ಒಂದನ್ನು ಕೊಡಬೇಕು. ಮುದ್ರಣಕ್ಕೆಂದು ಗುರುತಾದವು ಸಾಕಾದರೆ ಪ್ರಿಂಟ್ ಸರಿ, ಅನುಮಾನವಿದ್ದರೆ ಆಲ್. ಉಳಿದ ಅಕ್ಷರ, ಚಿತ್ರ, ಬುಕ್‌ಮಾರ್ಕ್‌ಗಳ ತಂಟೆಗೆ ಇದು ಹೋಗುವುದಿಲ್ಲ, ಅದಕ್ಕೇ ಇಷ್ಟ. ಪೈಥಾನ್ ಬಲ್ಲವರಿಗೆ ಪೈಮ್ಯುಪಿಡಿಎಫ್‌ನ ಈಚಿನ ಆವೃತ್ತಿಗಳಲ್ಲಿ ಬೇಕ್ ಎಂಬ ಫಂಕ್ಷನ್ ಇದೆ. ಘೋಸ್ಟ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕಮ್ಯಾಂಡ್ ಲೈನ್ ಪರಿಕರದಲ್ಲಿ ಪ್ರಿಸರ್ವ್‌ಅನೋಟ್ಸ್ ಎಂಬುದಕ್ಕೆ ಫಾಲ್ಸ್ ಕೊಟ್ಟರೂ ಕೆಲಸ ಆಗುತ್ತದೆ, ಆದರೆ ಅದು ಇಡೀ ಫೈಲನ್ನೇ ಹೊಸದಾಗಿ ಬರೆಯುತ್ತದೆ. ಇಂಥದೇ ಇನ್ನೊಂದು ಪರಿಕರವಾದ ಪಿಡಿಎಫ್‌ಟಿಕೆಯ ಫ್ಲಾಟನ್ ನಂಬಿ ಕೂರಬೇಡಿ. ಅದು ಇರುವುದು ಫಾರ್ಮ್ ಫೀಲ್ಡ್‌ಗಳಿಗೆ. ಹೈಲೈಟ್, ಸ್ಟ್ಯಾಂಪ್‌ಗಳು ಹಾಗೇ ಉಳಿಯುತ್ತವೆ.

ಕಟ್ಟಡ ನಕ್ಷೆಗಳ ಮೇಲೆ ಗುರುತು ಹಾಕುವವರ ತಂತ್ರಾಂಶ ಬ್ಲೂಬೀಮ್ ರೆವು ಬಳಸುವವರು ಡಾಕ್ಯುಮೆಂಟ್ ಮೆನುವಿನ ಫ್ಲಾಟನ್‌ನಲ್ಲಿ ಒಂದು ಟಿಕ್ ಗುರುತಿನ ಕಡೆ ಕಣ್ಣಿಡಿ. ‘ಅಲೋ ಮಾರ್ಕಪ್ ರಿಕವರಿ’ ಎಂಬುದು ಆನ್ ಇದ್ದರೆ, ರೆವು ಇರುವ ಯಾರೇ ಆಗಲಿ ಅನ್‌ಫ್ಲಾಟನ್ ಮಾಡಿ ಎಲ್ಲವನ್ನೂ ಮತ್ತೆ ಬಿಡಿಸಬಹುದು. ಒಳಗಿನ ಕರಡಿಗೆ ಅದು ಅನುಕೂಲವೇ, ಹೊರಗೆ ಕಳಿಸುವ ಪ್ರತಿಗೆ ಮಾತ್ರ ಬೇಡ.

ಪ್ರಿಂಟ್ ಟು ಪಿಡಿಎಫ್ ಎಲ್ಲರಿಗೂ ಗೊತ್ತಿರುವ ಉಪಾಯ. ಬ್ರೌಸರಿನಲ್ಲಿ ತೆರೆದು ಪ್ರಿಂಟ್ ಕೊಟ್ಟು ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿದರೆ ಗುರುತುಗಳು ಪುಟಕ್ಕೆ ಅಂಟಿಕೊಂಡೇ ಬರುತ್ತವೆ. ತೆರಬೇಕಾದ ಬೆಲೆ: ಲಿಂಕ್, ಬುಕ್‌ಮಾರ್ಕ್, ಸ್ಕ್ರೀನ್ ರೀಡರ್‌ಗೆ ಬೇಕಾದ ಟ್ಯಾಗ್‌ಗಳು ಸಾಮಾನ್ಯವಾಗಿ ಹೋಗುತ್ತವೆ, ಪುಟದ ಅಳತೆ ಕುಗ್ಗಿ ಅಂಚು ಸೇರಿಕೊಳ್ಳುವುದೂ ಉಂಟು, ನಕ್ಷೆಗಳಲ್ಲಿ ಇದರಿಂದ ಸ್ಕೇಲೇ ಕೆಡುತ್ತದೆ. ಅಕ್ರೊಬ್ಯಾಟ್‌ನಿಂದ ಪ್ರಿಂಟ್ ಮಾಡುವಾಗ ‘ಕಾಮೆಂಟ್ಸ್ ಆಂಡ್ ಫಾರ್ಮ್ಸ್’ ಪಟ್ಟಿಯಲ್ಲಿ ‘ಡಾಕ್ಯುಮೆಂಟ್ ಆಂಡ್ ಮಾರ್ಕಪ್ಸ್’ ಇರಬೇಕು. ಬರೀ ‘ಡಾಕ್ಯುಮೆಂಟ್’ ಇದ್ದರೆ ಗುರುತುಗಳೇ ಇಲ್ಲದ ಫೈಲ್ ಕೈಗೆ ಬರುತ್ತದೆ. ಒಂದೆರಡು ಪುಟದ ಚೀಟಿಗೆ ಈ ಉಪಾಯ ಸಾಕು, ನೂರು ಪುಟದ ವರದಿಗೆ ಬೇಡ.

ಇನ್ನು ಕೆಡುವ ಬಗೆಗಳು. ಫಾರ್ಮ್ ತುಂಬಿ ಫ್ಲಾಟನ್ ಮಾಡಿದ ಮೇಲೆ ಪೆಟ್ಟಿಗೆಗಳು ಖಾಲಿಯಾದರೆ ಕಾರಣ ಹೆಚ್ಚಾಗಿ ಇದು: ತುಂಬಿದ ತಂತ್ರಾಂಶ ಮೌಲ್ಯವನ್ನು ಮಾತ್ರ ಬರೆದು, ಚಿತ್ರ ಬರೆಯುವುದನ್ನು ವ್ಯೂವರ್‌ಗೆ ಬಿಟ್ಟಿರುತ್ತದೆ. ಪುಟಕ್ಕೆ ಇಳಿಸಲು ಏನೂ ಇರುವುದಿಲ್ಲ. ಕ್ಯೂಪಿಡಿಎಫ್ ಇಂಥ ಕಡೆ ಎಚ್ಚರಿಕೆ ಕೊಟ್ಟು ಫೀಲ್ಡ್‌ಗಳನ್ನು ಹಾಗೇ ಬಿಡುತ್ತದೆ. ಚಿತ್ರವನ್ನು ತಾನೇ ಬರೆಯುವ ಆಯ್ಕೆಯೂ ಅದರಲ್ಲಿದೆ, ಆದರೆ ಅದು ಇಂಗ್ಲಿಷಿನಂಥ ಲಿಪಿಗಷ್ಟೇ. ಕನ್ನಡದಲ್ಲಿ ತುಂಬಿದ ಫೀಲ್ಡಿಗೆ ಅದನ್ನು ಕೊಟ್ಟು ಪ್ರಯೋಜನವಿಲ್ಲ. ಅಂಥ ಫೈಲನ್ನು ಅಕ್ಷರಗಳು ಸರಿಯಾಗಿ ಕಾಣುವ ವ್ಯೂವರ್‌ನಲ್ಲೇ ತೆರೆದು, ಅಲ್ಲಿಂದಲೇ ಪ್ರಿಂಟ್ ದಾರಿ ಹಿಡಿಯುವುದು ಮೇಲು. ಟೆಕ್ಸ್ಟ್ ಬಾಕ್ಸ್‌ನಲ್ಲಿ ಕನ್ನಡ ಬರೆದಿದ್ದರೂ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ತಂತ್ರಾಂಶ ತಾನೇ ಚಿತ್ರವನ್ನು ಮತ್ತೆ ಬರೆಯಲು ಹೋದರೆ ‘ಸ್ತ್ರೀ’ ಎಂಬುದು ಸ, ತ, ರ ಎಂದು ಬಿಡಿಬಿಡಿಯಾಗಿ, ನಡುವೆ ಹಲಂತದ ಗುರುತು ಹೊತ್ತು ನಿಲ್ಲಬಹುದು. ಫಾಂಟ್ ಫೈಲಿನೊಳಗೆ ಸೇರಿರದಿದ್ದರೆ ಬರೀ ಚೌಕಗಳು.

ಹೈಲೈಟ್ ಕೆಳಗಿನ ಅಕ್ಷರ ಮುಚ್ಚಿಹೋದರೆ ಅದು ಮಲ್ಟಿಪ್ಲೈ ಎಂಬ ಬ್ಲೆಂಡ್ ಮೋಡ್ ಕಳೆದುಹೋದದ್ದರ ಫಲ. ಬಣ್ಣ ಪಾರದರ್ಶಕವಾಗಿ ಬೆರೆಯುವ ಬದಲು ಗಟ್ಟಿ ಪಟ್ಟಿಯಾಗಿ ಕೂರುತ್ತದೆ. ಬೇರೆ ತಂತ್ರಾಂಶದಲ್ಲಿ ಮಾಡಿ ನೋಡಿ. ಗುರುತುಗಳು ಅಡ್ಡಡ್ಡ ತಿರುಗಿಯೋ ಜಾಗ ಬಿಟ್ಟು ಸರಿದೋ ಬಂದರೆ, ಪುಟಕ್ಕೆ 90 ಡಿಗ್ರಿ ರೊಟೇಶನ್ ಇದೆಯೇ, ಕ್ರಾಪ್ ಆಗಿದೆಯೇ ನೋಡಿ. ಆ ಲೆಕ್ಕ ಹಿಡಿಯದ ತಂತ್ರಾಂಶಗಳಿವೆ. ತೆರೆದಾಗ ‘ಪ್ಲೀಸ್ ವೇಟ್’ ಎಂಬ ಪುಟವಷ್ಟೇ ಕಾಣುವ ಫಾರ್ಮ್‌ಗಳು ಎಕ್ಸ್‌ಎಫ್‌ಎ ಎಂಬ ಬೇರೆಯೇ ಫಾರ್ಮ್ ಜಾತಿಯವು, ಮೇಲಿನ ಉಚಿತ ಪರಿಕರಗಳಿಗೆ ಅವು ಬಗ್ಗುವುದಿಲ್ಲ. ಅಕ್ರೊಬ್ಯಾಟ್‌ನಲ್ಲಿ ತೆರೆದು ಪ್ರಿಂಟ್ ಮಾಡಬೇಕು.

ಎಲ್ಲಕ್ಕಿಂತ ಅಪಾಯದ್ದು ಕಪ್ಪು ಪಟ್ಟಿ. ಖಾತೆ ಸಂಖ್ಯೆಯ ಮೇಲೆ ಕಪ್ಪು ಆಯತ ಎಳೆದು ಫ್ಲಾಟನ್ ಮಾಡಿದರೆ ಆಯತ ಅಲ್ಲಾಡುವುದಿಲ್ಲ, ಸರಿ. ಕೆಳಗಿನ ಅಂಕಿಗಳು ಮಾತ್ರ ಫೈಲಿನಲ್ಲೇ ಇರುತ್ತವೆ. ಮೌಸ್‌ನಿಂದ ಎಳೆದು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದರೆ ಬಂದುಬಿಡುತ್ತವೆ. ಅಮೆರಿಕದಲ್ಲಿ 2019ರ ಜನವರಿಯಲ್ಲಿ ಟ್ರಂಪ್ ಚುನಾವಣಾ ಪ್ರಚಾರದ ಮಾಜಿ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ಪರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ದಾಖಲೆಯಲ್ಲಿ ಕಪ್ಪು ಮಾಡಿದ್ದ ಸಾಲುಗಳನ್ನು ಪತ್ರಕರ್ತರು ಓದಿದ್ದು ಹೀಗೇ ಕಾಪಿ ಮಾಡಿ. ಮುಚ್ಚಬೇಕಾದ್ದಕ್ಕೆ ಕೆಳಗಿನ ಬರಹವನ್ನೇ ಅಳಿಸುವ ರಿಡ್ಯಾಕ್ಟ್ ಪರಿಕರವೇ ಬೇಕು, ಗುರುತು ಮಾಡಿದ ಮೇಲೆ ಅಪ್ಲೈ ಕೊಡುವುದನ್ನೂ ಮರೆಯಬಾರದು.

ಫ್ಲಾಟನ್ ಆದದ್ದನ್ನು ಯಾರೂ ಮುಟ್ಟಲಾರರು ಎಂದೂ ತಿಳಿಯಬೇಡಿ. ಕಾಮೆಂಟ್ ಪರಿಕರಗಳಿಗೆ ಅದು ಸಿಗುವುದಿಲ್ಲ ಅಷ್ಟೇ. ಎಡಿಟ್ ಪಿಡಿಎಫ್ ಇರುವ ಅಕ್ರೊಬ್ಯಾಟ್‌ನಲ್ಲೋ ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲೋ ತೆರೆದರೆ ಸ್ಟ್ಯಾಂಪ್ ಈಗಲೂ ಆರಿಸಿ ಅಳಿಸಬಹುದಾದ ಆಕೃತಿಯೇ. ಎಡಿಟ್ ನಿರ್ಬಂಧದ ಪಾಸ್‌ವರ್ಡ್ ಹಾಕುವುದುಂಟು, ಆದರೆ ಆ ನಿರ್ಬಂಧಕ್ಕೆ ಸೊಪ್ಪು ಹಾಕದ ತಂತ್ರಾಂಶಗಳು ಬೇಕಾದಷ್ಟಿವೆ. ಪುಟವನ್ನು ಪೂರಾ ಚಿತ್ರವಾಗಿಸಿದರೆ ಬಿಡಿಸುವುದು ಕಷ್ಟ: ಎ4 ಪುಟ 300 ಡಿಪಿಐಗೆ 2480×3508 ಪಿಕ್ಸೆಲ್ ಆಗುತ್ತದೆ, ಫೈಲ್ ಉಬ್ಬುತ್ತದೆ, ಹುಡುಕಾಟಕ್ಕೆ ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ಮತ್ತೆ ಓಡಿಸಬೇಕು. ನನ್ನ ಪ್ರಕಾರ ಬದಲಾವಣೆ ತಡೆಯುವುದಕ್ಕಿಂತ, ಅದು ನಡೆದರೆ ಗೊತ್ತಾಗುವಂತೆ ಮಾಡುವುದು ಜಾಣತನ, ಅದಕ್ಕೆ ಡಿಜಿಟಲ್ ಸಹಿ ಇದೆ. ಕ್ರಮ ಮಾತ್ರ ತಪ್ಪಬಾರದು: ಮೊದಲು ಫ್ಲಾಟನ್, ಆಮೇಲೆ ಸಹಿ. ಸಹಿ ಆದ ಫೈಲನ್ನು ಫ್ಲಾಟನ್ ಮಾಡಿದರೆ ಸಹಿ ಕೆಟ್ಟಿತೆಂದೇ ಲೆಕ್ಕ.

ಕಳಿಸುವ ಮೊದಲು ಹೊಸ ಫೈಲನ್ನು ಮುಚ್ಚಿ ಮತ್ತೆ ತೆರೆಯಿರಿ. ಕಾಮೆಂಟ್ ಪಟ್ಟಿ ಖಾಲಿ ಇರಬೇಕು, ಸ್ಟ್ಯಾಂಪ್ ಮೇಲೆ ಕ್ಲಿಕ್ ಮಾಡಿದರೆ ಸುತ್ತ ಚೌಕಟ್ಟು ಮೂಡಬಾರದು, ಮೂಲದ ಪಕ್ಕ ಇಟ್ಟು ನೋಡಿದರೆ ಒಂದು ಗುರುತೂ ಕಡಿಮೆ ಇರಬಾರದು. ಲಿಂಕ್‌ಗಳನ್ನೂ ಒಮ್ಮೆ ಒತ್ತಿ ನೋಡಿ. ಇನ್ನೊಂದು, ‘ಸೇವ್’ ಬದಲು ‘ಸೇವ್ ಆ್ಯಸ್’ ಬಳಸಿ. ಬರೀ ಸೇವ್ ಕೊಟ್ಟರೆ ಎಷ್ಟೋ ತಂತ್ರಾಂಶಗಳು ಹಳೆಯದನ್ನು ಅಳಿಸದೆ ಬದಲಾವಣೆಯನ್ನು ಫೈಲಿನ ಕೊನೆಗೆ ಅಂಟಿಸುತ್ತವೆ. ಆ ಬಾಲವನ್ನು ಕತ್ತರಿಸಿದರೆ ಹಿಂದಿನ ಆವೃತ್ತಿ, ಅದರ ಕಾಮೆಂಟ್‌ಗಳು, ಬರೆದವರ ಹೆಸರು ಎಲ್ಲ ಹಾಗೇ ಎದ್ದು ಬರುತ್ತದೆ. ಯಾವ ತಂತ್ರಾಂಶದಲ್ಲಿ ಮಾಡಿದ್ದರೂ ಕೊನೆಗೊಮ್ಮೆ ಕ್ಯೂಪಿಡಿಎಫ್ ಮೂಲಕ ಹಾಯಿಸಿ ಹೊಸ ಫೈಲಾಗಿ ಬರೆಸಿದರೆ ಈ ಬಾಲ ಉಳಿಯುವುದಿಲ್ಲ. ಸಹಿ ಹಾಕುವುದಿದ್ದರೆ ಇದೂ ಆದ ಮೇಲೆಯೇ.